ಕ್ಲಚ್ಚಿಲ್ಲದ ಗಾಡಿ

ಚಳ್ಳಕೆರೆಯ ಆ ಶೋರೂಮಿನಲ್ಲಿ ಮಾರಾಟಗಾರ ನಮ್ಮಿಬ್ಬರಿಗೂ ಕುರ್ಚಿ ಹಾಕಿದ, ತಣ್ಣನೆ ನೀರು ಕೊಟ್ಟ, ಆಮೇಲೆ ನನ್ನ ಕಡೆ ಒಮ್ಮೆಯೂ ನೋಡದೆ ನನ್ನ ಗಂಡನನ್ನು ಕೇಳಿದ: "ಯಜಮಾನ್ರೇ, ಎಷ್ಟು ವರ್ಷದಿಂದ ಗಾಡಿ ಓಡಿಸ್ತಾ ಇದೀರಿ?"

ನನ್ನ ಗಂಡ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡರು. "ನಾನೆಲ್ಲಿ ಓಡಿಸ್ತೀನ್ರಿ? ನನಗೆ ಸೈಕಲ್ಲೂ ಬರಲ್ಲ. ಓಡಿಸೋಳು ಇವ್ಳು."

ಅವನು ಆಗ ನನ್ನನ್ನು ನೋಡಿದ. ಮುಖದ ತುಂಬ ನಗು. "ಓ, ಅಕ್ಕಾರಾ! ಮೊದಲೇ ಹೇಳಬಾರದಾ? ಹಂಗಾದ್ರೆ ನಿಮಗೆ ಆಟೋಮ್ಯಾಟಿಕ್ಕೇ ಸರಿ. ಕ್ಲಚ್ ಇಲ್ಲ, ಗೇರ್ ಹಾಕೋ ರಗಳೆ ಇಲ್ಲ, ಸ್ಕೂಟಿ ಇದ್ದಂಗೆ. ಲೇಡೀಸ್‌ಗೆ ಅಂತಲೇ ಮಾಡಿರೋದು."

ಹನ್ನೆರಡು ವರ್ಷ ನಾನು ಗೇರು ಹಾಕಿದ್ದೇನೆ. ದೇವಸಮುದ್ರದಿಂದ ಚಳ್ಳಕೆರೆ ಸಂತೆಗೆ ಕುರಿ ತುಂಬಿಕೊಂಡು ಬಂದಿದ್ದೇನೆ, ಶೇಂಗಾ ಹೊಟ್ಟು ಹೇರಿಕೊಂಡು ಕಲ್ಲುದಾರಿ ಹತ್ತಿದ್ದೇನೆ, ಮಳೆಗಾಲದ ಕಪ್ಪುಮಣ್ಣಿನಲ್ಲಿ ಹೂತ ಗಾಡಿಯನ್ನು ಮುಂದೆ ಹಿಂದೆ ಆಡಿಸಿ ಎತ್ತಿದ್ದೇನೆ. ಇಷ್ಟಕ್ಕೂ ನಾನು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ನನಗೇನು ಬೇಕು, ಯಾವ ಕೆಲಸಕ್ಕೆ ಬೇಕು ಎಂದು ಅವನು ಕೇಳಲೇ ಇಲ್ಲ.

"ಗೇರ್ ಹಾಕೋ ಗಾಡಿ ತೋರಿಸ್ರಿ" ಎಂದೆ.

ತೋರಿಸಿದ. ಓಡಿಸಿ ನೋಡುತ್ತೇನೆ ಎಂದಾಗ ಪಕ್ಕದಲ್ಲಿ ಬಂದು ಕುಳಿತ. ಬಳ್ಳಾರಿ ರಸ್ತೆಗೆ ಬರುವಷ್ಟರಲ್ಲಿ ಅವನ ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ ಬಂದು ಕೂತಿತ್ತು. ಎರಡನೇ ಗೇರು, ಮೂರನೇ ಗೇರು, ಕೈ ಅಲ್ಲೇ. ನಾನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಕೈ ತೆಗೀರಿ."

"ಸುಮ್ನೆ ಅಕ್ಕ, ಸೇಫ್ಟಿಗೆ..."

"ಗಂಡಸ್ರು ಓಡಿಸುವಾಗಲೂ ಹಿಂಗೇ ಹಿಡ್ಕಂಡು ಕೂರ್ತೀರಾ?"

ಅವನು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಶೋರೂಮಿನ ಕಿರಿದಾದ ಗೇಟಿನೊಳಗೆ ನಾನು ಗಾಡಿಯನ್ನು ಹಿಮ್ಮುಖವಾಗಿ ತಗೊಂಡು ಒಂದೇ ಸಲಕ್ಕೆ ನಿಲ್ಲಿಸಿದೆ. ಹಾಗೆ ನಿಲ್ಲಿಸುವ ಅಗತ್ಯ ಏನೂ ಇರಲಿಲ್ಲ. ಸಿಟ್ಟಿಗೆ ನಿಲ್ಲಿಸಿದೆ.

ಆದರೆ ಇಳಿಯುವಾಗ ಎಡಗಾಲು ನೆಲಕ್ಕೆ ಊರಲಾಗದೆ ಬಾಗಿಲನ್ನು ಹಿಡಿದುಕೊಂಡೆ. ಅದನ್ನು ಯಾರೂ ಗಮನಿಸದಿರಲಿ ಎಂದು ಸೀರೆಯ ನೆರಿಗೆ ಸರಿಮಾಡುವವಳ ಹಾಗೆ ನಟಿಸಿದೆ.

ನನ್ನ ಎಡ ಮೊಣಕಾಲಿನ ಕತೆಯನ್ನು ಇಲ್ಲಿ ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಬೆಳೆ ಕೊಯ್ಲಾದ ಮೇಲೆ ಹಿಂಡು ಹೊಲದಿಂದ ಹೊಲಕ್ಕೆ ಹೋಗುತ್ತದೆ. ಗೊಬ್ಬರಕ್ಕಾಗಿ ರೈತರು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ನನ್ನ ಗಂಡ ಹಿಂಡಿನ ಮುಂದೆ ನಡೆಯುತ್ತಾರೆ, ನಾನು ಹಿಂದಿನಿಂದ ಪಿಕಪ್ ಓಡಿಸಿಕೊಂಡು ಹೋಗುತ್ತೇನೆ. ಗಾಡಿಯಲ್ಲಿ ಆಗತಾನೆ ಹುಟ್ಟಿದ ಮರಿಗಳು, ಕುಂಟುವ ಕುರಿಗಳು, ನೀರಿನ ಡ್ರಮ್ಮು, ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆ, ಪಾತ್ರೆ. ಕುರಿ ನಡೆಯುವ ವೇಗಕ್ಕೆ ಪಿಕಪ್ ಓಡಿಸುವುದೆಂದರೆ ಏನೆಂದು ಓಡಿಸಿದವರಿಗೇ ಗೊತ್ತು. ಮೊದಲನೇ ಗೇರಿನಲ್ಲೂ ಗಾಡಿ ಕುರಿಗಿಂತ ಜೋರಾಗಿ ಹೋಗುತ್ತದೆ. ಹಾಗಾಗಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು, ಬಿಟ್ಟು, ಮತ್ತೆ ಒತ್ತಿ, ದಿನಕ್ಕೆ ಐದಾರು ಗಂಟೆ. ಪೂರ್ತಿ ಬಿಟ್ಟರೆ ಗಾಡಿ ಜಗ್ಗುತ್ತದೆ, ಹಿಂದೆ ನಿಂತ ಗಬ್ಬದ ಕುರಿ ಮುಗ್ಗರಿಸಿ ಮರಿಗಳ ಮೇಲೆ ಬೀಳುತ್ತದೆ.

ಹೀಗೆ ಎರಡು ಸವೆದವು. ಒಂದು ನನ್ನ ಮೊಣಕಾಲು, ಇನ್ನೊಂದು ಕ್ಲಚ್ ಪ್ಲೇಟು.

ಪ್ಲೇಟು ಮೂರನೇ ಸಲ ಸುಟ್ಟಾಗ ಮೊಳಕಾಲ್ಮುರಿನ ಮೆಕ್ಯಾನಿಕ್ ಅಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ ನಾಲ್ಕು ಜನರ ಮುಂದೆ ಹೇಳಿದ: "ಹೆಂಗಸ್ರು ಕ್ಲಚ್ ಮೇಲೆ ಕಾಲಿಟ್ಕಂಡೇ ಓಡಿಸ್ತಾರೆ ನೋಡ್ರಿ, ಅದಕ್ಕೇ ಹಿಂಗಾಗೋದು." ನಾಲ್ವರೂ ನಕ್ಕರು. ನಾನು ಅವನಿಗೆ ಕುರಿಯ ವೇಗ ವಿವರಿಸಿದೆ. "ಔನಾ ಅಕ್ಕಾ? ಇರಬಹುದು ಬಿಡ್ರಿ" ಎಂದು ಅವನು ಪಾನಾ ತಿರುಗಿಸುತ್ತಾ ಹೋದ.

ಮೊಣಕಾಲು ಊದಿಕೊಂಡಾಗ ಡಾಕ್ಟರ ಹತ್ತಿರ ಹೋದೆ. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ಪಿಕಪ್ ಓಡಿಸ್ತೀನಿ ಸಾರ್" ಎಂದೆ. ಅವರು ತಲೆ ಎತ್ತದೆ ಬರೆದುಕೊಂಡರು. ಹೊರಗೆ ಬಂದು ಚೀಟಿ ಓದಿದರೆ 'ಗೃಹಿಣಿ' ಎಂದಿತ್ತು. ಮೆಟ್ಟಿಲು ಹತ್ತಬಾರದು ಎಂದೂ ಬರೆದಿದ್ದರು. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ. ಕ್ಲಚ್ಚಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಅಂದರೆ ನನಗೆ ಬೇಕಾಗಿದ್ದುದು ಕ್ಲಚ್ಚಿಲ್ಲದ ಗಾಡಿಯೇ. ಶೋರೂಮಿಗೆ ಹೋಗುವ ಮೊದಲೇ ಅದನ್ನು ನಾನು ಯೋಚಿಸಿದ್ದೆ. ಆಟೋಮ್ಯಾಟಿಕ್ ಪಿಕಪ್ ಬಂದಿದೆ ಎಂದು ಕೇಳಿಯೇ ಹೋಗಿದ್ದೆ. ಬೆಲೆಯಲ್ಲಿ ವ್ಯತ್ಯಾಸವಿತ್ತು, ಆದರೆ ಎರಡರಲ್ಲಿ ಯಾವುದನ್ನಾದರೂ ಕೊಳ್ಳುವ ಶಕ್ತಿ ನಮಗಿತ್ತು. ತೊಡಕು ಅದಲ್ಲ. ಆ ಮಾರಾಟಗಾರ ಆ ಮಾತು ಆಡಿದ ಮೇಲೆ ಆಟೋಮ್ಯಾಟಿಕ್ ಕೊಂಡರೆ ಅವನ ಮಾತು ನಿಜ ಮಾಡಿದ ಹಾಗಾಗುತ್ತದೆ. ಕೊಳ್ಳದಿದ್ದರೆ ನನ್ನ ಕಾಲನ್ನು ನಾನೇ ಮುರಿದುಕೊಂಡ ಹಾಗೆ. ಇಂಥ ಇಕ್ಕಟ್ಟಿಗೆ ಒಬ್ಬ ಗಂಡಸು ಎಂದಾದರೂ ಸಿಕ್ಕಿದ್ದಾನೆಯೇ? ಅವನು ಆಟೋಮ್ಯಾಟಿಕ್ ಕೇಳಿದರೆ ಅನುಕೂಲಸ್ಥ ಎನ್ನುತ್ತಾರೆ, ಗೇರಿನ ಗಾಡಿ ಕೇಳಿದರೆ ಒಳ್ಳೇ ಡ್ರೈವರ್ ಎನ್ನುತ್ತಾರೆ.

ನನ್ನ ಅಣ್ಣ ಲಾರಿ ಓಡಿಸುತ್ತಾನೆ. ನನಗೆ ಗಾಡಿ ಕಲಿಸಿದವನೂ ಅವನೇ. ಅವನ ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಅದು ಗಾಡಿ ಅಲ್ಲ ಕಣೇ, ಆಟದ ಸಾಮಾನು. ಸಂತೇಲಿ ನಾಲ್ಕು ಜನ ನೋಡಿ ನಗ್ತಾರೆ. ಇವನ ತಂಗಿಗೆ ಗೇರ್ ಹಾಕಾಕೆ ಬರಲ್ಲ ಅಂತಾರೆ. ನಾನು ಕಲಿಸಿದ್ದೆಲ್ಲಾ ನೀರಾಗೆ ಹೋಯ್ತು."

"ನನ್ನ ಕಾಲು ನೋಯ್ತದೆ ಅಣ್ಣ."

"ಎಲ್ಲಾರ ಕಾಲೂ ನೋಯ್ತವೆ. ನಾನು ಇಪ್ಪತ್ತೈದು ವರ್ಷದಿಂದ ತುಳೀತಾ ಇಲ್ವಾ?"

ಅವ್ವ ಸಾರು ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಕಡೆ ತಿರುಗಿದಳು. "ಲೇ, ಕಾಲು ಅವಳದು. ನಿನ್ನ ಮಾನ ಅವಳ ಮೊಣಕಾಲಾಗೆ ಐತೇನಲೇ?"

ಅಣ್ಣ ಮತ್ತೆ ಮುದ್ದೆ ಮುರಿದ. ಆದರೆ ಶೋರೂಮಿನವರು ಗಾಡಿ ತಂದು ತೋರಿಸುವ ದಿನ ತಾನೂ ಬರುತ್ತೇನೆ ಎಂದ. "ನೋಡೇ ಬಿಡಾನ ಅದೇನು ಅಂತ."

ಆ ವಾರ ನಮ್ಮ ಹಿಂಡು ಬಿ.ಜಿ. ಕೆರೆ ಹತ್ತಿರದ ಒಂದು ಹೊಲದಲ್ಲಿತ್ತು. ನಾನು ಶೋರೂಮಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದೆ: ಚಳ್ಳಕೆರೆಯ ಟಾರು ರಸ್ತೆಯಲ್ಲಿ ಓಡಿಸಿ ನೋಡುವುದರಿಂದ ನನಗೆ ಪ್ರಯೋಜನವಿಲ್ಲ, ಆಟೋಮ್ಯಾಟಿಕ್ ಗಾಡಿಯನ್ನು ಹಿಂಡಿನ ಹತ್ತಿರ ತನ್ನಿ. ಅದೇ ಮಾರಾಟಗಾರ ಬೆಳಿಗ್ಗೆ ತೊಳೆದ, ಎರಡು ಸಾಲು ಸೀಟಿನ ಬಿಳಿ ಗಾಡಿ ತಂದು ಜಾಲಿಮರದ ನೆರಳಿಗೆ ನಿಲ್ಲಿಸಿದ. ನಾನು ಕೈ ಚಾಚಿದೆ. ಅವನು ಬೀಗದ ಕೈಯನ್ನು ಅಣ್ಣನಿಗೆ ಕೊಟ್ಟ.

"ಮೊದಲು ಅಣ್ಣಾರು ಒಂದು ರೌಂಡ್ ನೋಡ್ಲಿ. ಅನುಭವಸ್ಥರು. ಆಮೇಲೆ ನೀವು ಆರಾಮಾಗಿ ಕಲೀಬಹುದು."

ಗಾಡಿ ನನಗೆ, ಕರೆಸಿದವಳು ನಾನು, ಕಾಲು ನನ್ನದು. ನನ್ನ ಗಂಡ ದೂರದಿಂದ ನನ್ನ ಮುಖ ನೋಡಿ, ಕೋಲು ಊರಿಕೊಂಡು ಹತ್ತಿರ ಬಂದು ನಿಂತರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಅಣ್ಣ ಎದೆ ಉಬ್ಬಿಸಿಕೊಂಡು ಏರಿದ.

ಇನ್ನೂರು ಹೆಜ್ಜೆಯಷ್ಟು ದೂರ ಹೋಗಿರಬೇಕು. ಮುಂದೆ ಒಂದು ಗುಂಡಿ ಬಂತು. ಇಪ್ಪತ್ತೈದು ವರ್ಷದ ಅಭ್ಯಾಸದಂತೆ ಅಣ್ಣ ಗೇರು ಇಳಿಸಲು ಎಡಗಾಲನ್ನು ಬಲವಾಗಿ ಒತ್ತಿದ. ಅಲ್ಲಿ ಕ್ಲಚ್ ಇರಲಿಲ್ಲ, ಅಗಲವಾದ ಬ್ರೇಕು ಇತ್ತು. ಗಾಡಿ ಗೋಡೆಗೆ ಹೊಡೆದ ಹಾಗೆ ನಿಂತಿತು. ನಾನು ಮುಂದಿನ ಸೀಟಿಗೆ ಹೋಗಿ ಬಡಿದೆ. ಮಾರಾಟಗಾರನ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಅಣ್ಣ ಗಾಬರಿಯಲ್ಲಿ ಕಾಲು ತೆಗೆದ, ಗಾಡಿ ತಾನಾಗಿ ಮುಂದಕ್ಕೆ ಹೊರಟಿತು, ಅವನು ಮತ್ತೆ ಒತ್ತಿದ, ನಾವು ಮತ್ತೆ ಮುಗ್ಗರಿಸಿದೆವು.

"ಪರವಾಗಿಲ್ಲ ಅಣ್ಣ, ಪರವಾಗಿಲ್ಲ" ಎಂದ ಮಾರಾಟಗಾರ, ಕನ್ನಡಕ ಒರೆಸುತ್ತಾ. "ಒಳ್ಳೇ ಡ್ರೈವರ್‌ಗಳಿಗೆಲ್ಲಾ ಮೊದಲ ಸಲ ಹಿಂಗೇ ಆಗುತ್ತೆ."

ನೋಡಿ, ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಅಣ್ಣ ತಪ್ಪು ಮಾಡಿದ್ದಕ್ಕೆ ಅವನು ಒಳ್ಳೇ ಡ್ರೈವರ್ ಆಗಿದ್ದೇ ಕಾರಣವಾಯಿತು. ನಾನು ಅದೇ ತಪ್ಪು ಮಾಡಿದ್ದರೆ? ಚಹಾ ಅಂಗಡಿಯಲ್ಲಿ ಒಂದು ವರ್ಷ ಅದೇ ಮಾತಾಗುತ್ತಿತ್ತು.

ನಾನು ಇಳಿದು ಅಣ್ಣನ ಬಾಗಿಲು ತೆರೆದೆ. "ಇಳಿ."

ಮಾರಾಟಗಾರನಿಂದ ಎರಡೇ ಮಾತು ಕೇಳಿ ತಿಳಿದುಕೊಂಡೆ: ಹಿಡಿಕೆ ಎಲ್ಲಿಗೆ ಎಳೆಯಬೇಕು, ಇಳಿಜಾರಿನಲ್ಲಿ ಗಾಡಿ ಹಿಡಿಯುವುದು ಹೇಗೆ. ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿನ ಕೆಳಗೆ ಸೇರಿಸಿದೆ, ಅದು ಮರೆತು ಮುಂದೆ ಬರದಿರಲಿ ಎಂದು. ಆಮೇಲೆ ನನ್ನ ಗಂಡನಿಗೆ ಕೂಗಿ ಹೇಳಿದೆ, ಹಿಂದಕ್ಕೆ ನಾಲ್ಕು ಗಬ್ಬದ ಕುರಿ, ಆರು ಮರಿ ಹತ್ತಿಸಿರಿ ಎಂದು.

"ಅಕ್ಕ, ಹೊಸ ಗಾಡಿ, ಹಿಕ್ಕೆ ಹಾಕ್ತವೆ" ಎಂದ ಮಾರಾಟಗಾರ.

"ಕುರಿ ಇನ್ನೇನು ಹಾಕ್ತವೆ? ನಾನು ಕೊಳ್ಳೋದು ಕುರಿಗೇ."

ಕುರಿ ಹತ್ತಿದವು. ನನ್ನ ಗಂಡ ಮುಂದೆ ನಡೆದರು, ಹಿಂಡು ಎದ್ದು ಅವರ ಹಿಂದೆ ಹೊರಟಿತು. ನಾನು ಬ್ರೇಕಿನಿಂದ ಕಾಲನ್ನು ಸಡಿಲಿಸಿದೆ. ಗಾಡಿ ಸದ್ದಿಲ್ಲದೆ, ಜಗ್ಗದೆ ತೆವಳಿಕೊಂಡು ಹೊರಟಿತು. ಕುರಿ ನಿಧಾನಿಸಿದರೆ ಬ್ರೇಕಿನ ಮೇಲೆ ಬೆರಳಿನಷ್ಟು ಒತ್ತಡ, ಕುರಿ ಮುಂದಾದರೆ ಅದೂ ಬೇಡ. ಕನ್ನಡಿಯಲ್ಲಿ ನೋಡಿದೆ. ಗಬ್ಬದ ಕುರಿಗಳು ಮನೆಯ ಹಟ್ಟಿಯಲ್ಲಿ ನಿಂತ ಹಾಗೆ ನಿಂತಿದ್ದವು. ಒಂದು ಮೆಲುಕು ಹಾಕುತ್ತಿತ್ತು. ಪಕ್ಕದ ಹಳ್ಳದ ಏರಿನಲ್ಲೂ ಗಾಡಿ ಹಿಂದಕ್ಕೆ ಜಾರಲಿಲ್ಲ. ನನ್ನ ಎಡಗಾಲು ಸುಮ್ಮನೆ ಕೂತಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಿಂಡಿನ ಹಿಂದೆ ಹೋಗುವಾಗ ನಾನು ಹಲ್ಲು ಕಚ್ಚಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದದ್ದಲ್ಲ. ಇಂಥದ್ದೊಂದು ಇದ್ದಾಗಲೂ ನಾನು ಯಾರಿಗೋ ಹೆದರಿ ಬಿಟ್ಟುಬಿಡುವವಳಿದ್ದೆನಲ್ಲ ಎಂಬ ಸಿಟ್ಟಿಗೆ ಬಂದದ್ದು.

ಗಾಡಿಯ ಪಕ್ಕದಲ್ಲೇ ನಡೆದು ಬರುತ್ತಿದ್ದ ಮಾರಾಟಗಾರ ಕಿಟಕಿಯ ಹತ್ತಿರ ಬಗ್ಗಿದ. "ನಾನು ಮೊದಲ ದಿನವೇ ಹೇಳಿದ್ದೆ ಅಲ್ವಾ ಅಕ್ಕ? ಲೇಡೀಸ್‌ಗೆ ಇದೇ ಸರಿ ಅಂತ."

ಗಾಡಿ ನಿಲ್ಲಿಸಿದೆ.

"ನೀವು ಏನೂ ಹೇಳಿರಲಿಲ್ಲ" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಅಣ್ಣ ಬೀಡಿ ಕೆಳಗೆ ಹಾಕಿದ. "ಕುರಿ ಹಿಂದೆ ಓಡಿಸ್ಬೇಕು ಅನ್ನೋದು ನಿಮಗೆ ಗೊತ್ತಿತ್ತಾ? ಗಬ್ಬದ ಕುರಿ ಬೀಳ್ತವೆ ಅನ್ನೋದು ಗೊತ್ತಿತ್ತಾ? ನನ್ನ ಮೊಣಕಾಲು ಗೊತ್ತಿತ್ತಾ? ನೀವು ನೋಡಿದ್ದು ಸೀರೆ. ಸೀರೆ ನೋಡಿ ಗಾಡಿ ಹೇಳಿದ್ರಿ. ನನ್ನ ಅಣ್ಣ ಇದೇ ಕೆಲಸ ಮಾಡಿದ್ರೆ ಅವನಿಗೂ ಇದೇ ಗಾಡಿ ಸರಿ. ಅವನಿಗೆ ಹೇಳ್ತಿದ್ರಾ, ಲೇಡೀಸ್ ಗಾಡಿ ಅಂತ?"

ಅವನು ಅಣ್ಣನನ್ನು ನೋಡಿದ. ಅಣ್ಣ ನೆಲ ನೋಡಿದ. ಹಿಂಡು ಮಾತ್ರ ತನ್ನ ಪಾಡಿಗೆ ಮುಂದೆ ಹೋಯಿತು.

ಅಂದೇ ಒಪ್ಪಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹತ್ತು ದಿನ ಹಳೇ ಗಾಡಿಯನ್ನೇ ತುಳಿದೆ. ಅವನಿಗೆ ಗೆಲುವು ಕೊಡಬಾರದೆಂಬ ಹಟ. ಹನ್ನೊಂದನೇ ದಿನ ಜಟಿಂಗ ರಾಮೇಶ್ವರ ಬೆಟ್ಟದ ಕಡೆಯ ರಸ್ತೆಯಲ್ಲಿ ಮೊಣಕಾಲು ಹಿಡಿದುಕೊಂಡಿತು, ಕ್ಲಚ್ಚಿನಿಂದ ಕಾಲು ಜಾರಿತು, ಗಾಡಿ ಜಗ್ಗಿತು. ಹಿಂದೆ ಒಂದು ಮರಿಯ ಮೇಲೆ ಕುರಿ ಬಿತ್ತು. ಮರಿಯ ಮುಂಗಾಲು ಮುರಿಯಿತು. ನನ್ನ ಗಂಡ ಬಿದಿರಿನ ಸೀಳು ಕಟ್ಟಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನನ್ನನ್ನು ಬಯ್ಯಲಿಲ್ಲ. "ನಿನ್ನ ಹಟಕ್ಕೆ ಇದೇನು ಮಾಡಿತ್ತು?" ಎಂದರು ಅಷ್ಟೇ. ಮರುದಿನವೇ ಚಳ್ಳಕೆರೆಗೆ ಹೋಗಿ ಆಟೋಮ್ಯಾಟಿಕ್ ಬರೆಸಿದೆ.

ಗಾಡಿ ಕೊಡುವ ದಿನ ಅದಕ್ಕೆ ಚೆಂಡುಹೂವಿನ ಹಾರ ಹಾಕಿದ್ದರು. ಶೋರೂಮಿನ ಮ್ಯಾನೇಜರ್ ರಟ್ಟಿನಿಂದ ಮಾಡಿದ ದೊಡ್ಡ ಬೀಗದ ಕೈಯನ್ನು ಹಿಡಿದು, ಫೋಟೋ ತೆಗೆಯುವವನ ಕಡೆ ತಿರುಗಿ, ಅದನ್ನು ನನ್ನ ಗಂಡನ ಮುಂದೆ ಚಾಚಿದ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ತಗೊಳ್ರಿ ಯಜಮಾನ್ರೇ, ಫೋಟೋಗೆ."

"ಗಾಡಿ ಅವಳ ಹೆಸರಾಗೈತೆ. ಓಡಿಸೋಳೂ ಅವಳೇ. ನಾನು ಯಾಕೆ ಹಿಡೀಲಿ?"

ಮ್ಯಾನೇಜರಿನ ಕೈ ಗಾಳಿಯಲ್ಲಿ ನಿಂತಿತು. ನಾನು ರಟ್ಟನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ನಿಜವಾದ ಬೀಗದ ಕೈ ತಗೊಂಡು, ಗಾಡಿ ಹತ್ತಿ, ನನ್ನ ಗಂಡನಿಗೆ ಪಕ್ಕದ ಬಾಗಿಲು ತೆರೆದೆ. ಫೋಟೋ ಬೇಡವೇ ಅಕ್ಕ ಎಂದು ಯಾರೋ ಕೇಳುತ್ತಿದ್ದರು. ಆ ಮಾತು ಮುಗಿಯುವ ಮೊದಲೇ ನಾನು ರಸ್ತೆಗೆ ಬಂದಿದ್ದೆ.