ಎದುರುಮನೆಯಾಕೆಯ ಎಂಟು

ಇಪ್ಪತ್ತನೆಯ ಶತಮಾನದ ದಿಕ್ಕು ಬದಲಿಸಿದ್ದು ಎರಡು ಮಹಾಯುದ್ಧಗಳು ಎಂದು ತಿಳಿದವರು ಹೇಳುತ್ತಾರೆ. ಆರ್.ಟಿ. ನಗರದ ನಮ್ಮ ಎದುರುಮನೆಯಾಕೆಯ ಮಟ್ಟಿಗೆ ಮುಖ್ಯವಾದದ್ದು ಅವೆರಡರ ನಡುವೆ ಯುರೋಪಿನಲ್ಲೆಲ್ಲೋ ನಡೆದ ಅಂತರರಾಷ್ಟ್ರೀಯ ಐಸ್ ಸ್ಕೇಟಿಂಗ್ ಸ್ಪರ್ಧೆ. ಅದರ ಕಪ್ಪು-ಬಿಳುಪು ವಿಡಿಯೊವನ್ನು ಆಕೆ ಫೋನಿನಲ್ಲಿ ನೋಡಿದ್ದರು: ಸ್ಪರ್ಧಿಗಳು ಮಂಜುಗಡ್ಡೆಯ ಮೇಲೆ ಸ್ಕೇಟಿನ ಅಲಗಿನಿಂದಲೇ ಎಂಟು ಬರೆಯುತ್ತಾರೆ, ಕೋಟು ತೊಟ್ಟ ತೀರ್ಪುಗಾರರು ಬಗ್ಗಿ ಗೆರೆ ಪರೀಕ್ಷಿಸುತ್ತಾರೆ.

ಸ್ಕೂಟರ್ ಲೈಸೆನ್ಸ್ ಪರೀಕ್ಷೆಯಲ್ಲಿ ಆಕೆ ಎರಡು ಸಲ ಫೇಲಾಗಿದ್ದೂ ಎಂಟು ಹಾಕುವಾಗಲೇ. ಲೈಸೆನ್ಸ್ ಸಿಗದಿದ್ದರೆ ಸೋಲದೇವನಹಳ್ಳಿಯ ಕಾಲೇಜಿನ ಕೆಲಸಕ್ಕೆ ಬಸ್ಸು ಬದಲಿಸುತ್ತಲೇ ಇರಬೇಕು. ದಿನಾ ಬೆಳಿಗ್ಗೆ ಚಕ್ರ ಒದ್ದೆ ಮಾಡಿ, ರಸ್ತೆಯಲ್ಲಿ ಎಂಟು ಹಾಕಿ, ಇಳಿದು ಬಗ್ಗಿ ಒದ್ದೆ ಗೆರೆ ನೋಡುವರು.

"ಕೆಳಗಿನ ಸೊನ್ನೆ ದಪ್ಪ ಆಯ್ತು. ಇನ್ನೊಂದ್ಸಲ."

"ಕಾಲು ಊರದಿದ್ರೆ ಸಾಕು ಕಣೇ," ಎಂದು ಗಂಡ ಗೇಟಿನಿಂದ ಗೋಗರೆಯುವರು.

"ನೀವು ಸುಮ್ನಿರಿ. ಅವ್ರು ಐಸ್ ಮೇಲೆ ಹಾಕಿದಾರೆ ಕಣ್ರೀ."

ಮೂರನೆಯ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಕಾಲೂರದೆ ಎಂಟು ಮುಗಿಸಿದರು. ಇನ್‌ಸ್ಪೆಕ್ಟರ್ ಸಹಿಗೆ ಪೆನ್ನು ತೆಗೆದರು. ಈಕೆ ಇಳಿದು, ಮಣ್ಣಿನ ಮೇಲಿನ ಗೆರೆ ನೋಡಲು ಬಗ್ಗಿದರು.

"ಏನಮ್ಮಾ, ಏನಾದ್ರೂ ಬಿತ್ತಾ?"

"ಕೆಳಗಿನ ಸೊನ್ನೆ ದಪ್ಪ ಆಗಿದೆ ಸರ್. ಇನ್ನೊಂದ್ಸಲ ಹಾಕ್ತೀನಿ."

"ನಾನು ಕೇಳಿದ್ನಾ?" ಎನ್ನುವಷ್ಟರಲ್ಲಿ ಸ್ಕೂಟರ್ ಹೊರಟಿತ್ತು.

ಎರಡನೆಯ ಎಂಟಿನಲ್ಲಿ ಕಾಲು ನೆಲಕ್ಕೆ ತಾಗಿ ಫೇಲಾದರು. ಲೈಸೆನ್ಸ್ ಬಂದದ್ದು ನಾಲ್ಕನೆಯ ಪರೀಕ್ಷೆಯಲ್ಲಿ.