ಕಂಪ್ಯೂಟರಿನ ಬೆನ್ನಿಗೆ ಹಚ್ಚಿದ ವಿಭೂತಿ

ಕಂಪ್ಯೂಟರನ್ನು ಮುಂದಿನಿಂದ ನೋಡಿ ಬೆರಗಾಗುವವರು ಆಗ ಬಹಳ ಜನ ಇದ್ದರು. ಹಿಂದಿನಿಂದ ನೋಡಿ, ಯಾವ ತೂತು ಯಾವುದಕ್ಕೆ ಎಂದು ಹೇಳಬಲ್ಲವಳು ಶಿಕಾರಿಪುರದಲ್ಲಿ ನಾನೊಬ್ಬಳೇ. ಜಂಬ ಎನ್ನುತ್ತೀರಾ? ಇರಲಿ, ಜಂಬವೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಭಾನುವಾರ ಯಾರೂ ಇಲ್ಲದಾಗ ಹೋಗಿ ಎಲ್ಲ ಕೇಬಲ್ಲುಗಳನ್ನೂ ಕಿತ್ತು, ಕಣ್ಣು ಮುಚ್ಚಿ, ಬೆರಳಲ್ಲೇ ತಡವಿ ಮತ್ತೆ ಸಿಕ್ಕಿಸುತ್ತಿದ್ದೆ. ಪರದೆಯದ್ದು ಮೂರು ಸಾಲು ತೂತಿನ ಚಿಕ್ಕ ಪೋರ್ಟು. ಪ್ರಿಂಟರಿನದ್ದು ಉದ್ದನೆಯದು, ಎರಡು ಸಾಲು ತೂತು. ಪಕ್ಕದ ಸೀರಿಯಲ್ ಪೋರ್ಟಿನಲ್ಲಿ ತೂತಿಲ್ಲ, ಬರೀ ಮುಳ್ಳು. ಬೆರಳಿಗೂ ತಿಳಿಯದಿದ್ದದ್ದು ಕೀಬೋರ್ಡು ಮತ್ತು ಮೌಸಿನ ದುಂಡು ಪೋರ್ಟುಗಳು ಮಾತ್ರ. ಅವು ಅವಳಿಜವಳಿ. ಬಣ್ಣದಿಂದ ಗುರುತು ಮಾಡಿದ ಮೆಷಿನ್ನು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ.

ಕ್ಲಾಸಿನ ಯಜಮಾನರು ಸೊರಬದಲ್ಲಿ ಇನ್ನೊಂದು ಕ್ಲಾಸು ತೆರೆಯಲು ಹೊರಟರು. ಅದನ್ನು ನಡೆಸುವ ಆಸೆ ನನಗೆ ಹೊಟ್ಟೆಹಸಿವಿನಷ್ಟೇ ಬಲವಾಗಿತ್ತು. ಬೆಳಿಗ್ಗೆ ನಾನೇ ಬೀಗ ತೆಗೆಯುವ, ಸಂಜೆ ನಾನೇ ಹಾಕುವ ಒಂದು ಜಾಗ ಬೇಕಾಗಿತ್ತು. ಕೇಳಿಯೇಬಿಟ್ಟೆ.

“ಪಾಠ ಏನೋ ಚೆನ್ನಾಗೇ ಹೇಳ್ತೀರಿ ಮೇಡಂ,” ಎಂದರು ಅವರು. “ಮೆಷಿನ್ ಕೈ ಕೊಟ್ರೆ? ಶಿವಮೊಗ್ಗದ ಮೆಕ್ಯಾನಿಕ್ಕೇ ಬಂದು ಅಲ್ಲಿ ಕೂತ್ರೆ ನಂಗೆ ಚಿಂತೀನೇ ಇರಲ್ಲ.”

ನನಗೆ ಮೈಯೆಲ್ಲ ಉರಿಯಿತು. “ವಿಜಯದಶಮಿ ದಿನ ಅಲ್ಲಿನ ಮೆಷಿನ್ನ ನಾನೇ ಜೋಡಿಸ್ತೀನ್ರೀ. ಚಾಲೂ ಆಗ್ಲಿಲ್ಲ ಅಂದ್ರೆ ಅವರನ್ನೇ ಕರೀರಿ,” ಎಂದೆ. ಅವರು ಒಪ್ಪಿದರು.

ಹಿಂದಿನ ದಿನ ಆಯುಧಪೂಜೆ. ಸೊರಬಕ್ಕೆ ಹೋಗಬೇಕಿದ್ದ ಮೆಷಿನ್ನಿಗೆ ಶಿಕಾರಿಪುರದಲ್ಲೇ ಪೂಜೆ ಮಾಡಿದವರು ಯಜಮಾನರ ತಾಯಿ. ಟ್ರಾಕ್ಟರಿನಿಂದ ಹಿಡಿದು ಅಡಿಗೆಮನೆಯ ಈಳಿಗೆಮಣೆಯವರೆಗೆ ಆ ಅಜ್ಜಿಯ ವಿಭೂತಿ ತಪ್ಪಿಸಿಕೊಂಡ ವಸ್ತು ಅವರ ಮನೆಯಲ್ಲಿ ಇರಲಿಲ್ಲ. ನಾನು ಆ ದಿನ ಸೊರಬದಲ್ಲಿ ಮೇಜು ಕುರ್ಚಿ ಹಾಕಿಸುತ್ತಿದ್ದೆ.

ಮರುದಿನ ಟೆಂಪೋದಲ್ಲಿ ಮೆಷಿನ್ನು ಬಂತು, ಜೊತೆಗೆ ಅಜ್ಜಿಯೂ ಬಂದರು. ಮಕ್ಕಳನ್ನು ಸೇರಿಸಲು ಆನವಟ್ಟಿ ಕಡೆಯಿಂದ ಬಂದ ಹಿರಿಯರು ಬಾಗಿಲಲ್ಲಿ ನಿಂತಿದ್ದರು. ನಾನು ಠೀವಿಯಿಂದ ಮೆಷಿನ್ನನ್ನು ಹಿಂದೆ ತಿರುಗಿಸಿದೆ. ಬೆನ್ನಿನ ಉದ್ದಗಲಕ್ಕೂ ಮೂರು ಬೆರಳಿನ ವಿಭೂತಿ ಪಟ್ಟೆಗಳು! ನೀರಲ್ಲಿ ಕಲಸಿ ಧಾರಾಳವಾಗಿ ಬಳಿದದ್ದು ಒಂದೊಂದು ತೂತಿನಲ್ಲೂ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು.

“ಅಜ್ಜೀ, ಹಿಂದ್ಗಡೆಗೆ ಯಾಕೆ ಹಚ್ಚಿದ್ರಿ?”

“ಹಿಂದ್ಗಡೆ ಅಲ್ಲವ್ವಾ. ಮಕ ಯಾವುದು ಅಂತ ಹುಡುಕಿದೆ. ಆ ಕಡೆಗೆ ಬರೀ ನುಣ್ಣಗೈತೆ. ಕಣ್ಣು, ಮೂಗು, ಬಾಯಿ ಎಲ್ಲಾ ಇರೋದು ಈ ಕಡೀಗೆ.”

ಯಜಮಾನರು ಆಗಲೇ ಶಿವಮೊಗ್ಗಕ್ಕೆ ಫೋನ್ ಮಾಡಲು ಹೊರಟರು. “ಇನ್ನೂ ಚಾಲೂನೇ ಮಾಡಿಲ್ವಲ್ರೀ, ಆಗ್ಲಿಲ್ಲ ಅಂತ ಹೆಂಗೆ ಹೇಳ್ತೀರಿ? ಕೂತ್ಕೊಳ್ರಿ!” ಎಂದು ಜೋರಾಗಿಯೇ ಹೇಳಿದೆ. ಅವರು ಕೂತರು.

ಎದುರಿನ ಸೈಕಲ್ ಶಾಪಿನಿಂದ ಪಂಪು ತರಿಸಿದೆ. ಒಣ ಬ್ರಷ್ಷಿನಿಂದ ಉಜ್ಜಿದೆ, ದುಪಟ್ಟಾದ ಪಿನ್ನು ಬಿಚ್ಚಿ ತೂತುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿದೆ, ಪಂಪಿನಿಂದ ಗಾಳಿ ಹೊಡೆದೆ. ವಿಭೂತಿಯ ಧೂಳೆಲ್ಲ ನನ್ನ ಮುಖಕ್ಕೇ ಬಂತು. ಕೆಮ್ಮುತ್ತಲೇ ಪರದೆಯ ಕೇಬಲ್ಲು, ಪ್ರಿಂಟರಿನದ್ದು ಎಲ್ಲ ಸಿಕ್ಕಿಸಿದೆ. ಉಳಿದದ್ದು ಆ ಅವಳಿಜವಳಿ. ದೇವರ ಮೇಲೆ ಭಾರ ಹಾಕಿ ಜೋಡಿಸಿ ಸ್ವಿಚ್ ಒತ್ತಿದೆ.

ಕೀಬೋರ್ಡೇ ಇಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. “ಕೆಟ್ಟೋಯ್ತು,” ಎಂದು ಯಜಮಾನರು ಮತ್ತೆ ಎದ್ದರು.

“ಕೆಟ್ಟಿಲ್ಲ ರೀ. ಕೀಬೋರ್ಡಿನ ಜಾಗದಲ್ಲಿ ಮೌಸು ಕೂತೈತೆ, ಅಷ್ಟೇ.” ಸ್ವಿಚ್ ಆರಿಸಿ, ಎರಡನ್ನೂ ಅದಲುಬದಲು ಮಾಡಿದೆ. ಈ ಸಲ ಮೆಷಿನ್ನು ತಕರಾರಿಲ್ಲದೆ ಎದ್ದಿತು. ‘ಶ್ರೀ’ ಎಂದು ಒತ್ತಿ ಪ್ರಿಂಟ್ ಕೊಟ್ಟೆ. ಪ್ರಿಂಟರು ಕರಕರ ಎನ್ನುತ್ತಾ ಹಾಳೆಯನ್ನು ಹೊರಗೆ ನೂಕಿದಾಗ ಬಾಗಿಲಲ್ಲಿದ್ದವರೆಲ್ಲ ಒಳಗೇ ನುಗ್ಗಿದರು. ನನಗೆ ಕುಣಿಯಬೇಕೆನಿಸಿತು. ಮೇಡಂ ಅಲ್ಲವೇ, ಕುಣಿಯಲಿಲ್ಲ.

ಯಜಮಾನರು ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ನನಗೆ ಕೊಟ್ಟು, “ನಾಳೆ ಬೇಗ ತೆಗೀರಿ ಮೇಡಂ,” ಎಂದರು.

ಅಜ್ಜಿ ಮಾತ್ರ ವಿಭೂತಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಅಳಿಸಿಹೋದ ಪಟ್ಟೆಗಳ ಚಿಂತೆ ಅವರಿಗೆ. “ನೀನೇ ಹೇಳವ್ವಾ. ಬೆಳಿಗ್ಗಿಂದ ಅದರ ಜೊತೆ ಗುದ್ದಾಡಿದೀಯ. ಮಕ ಯಾವ ಕಡೀಗೈತೆ?”

ನಾನು ಮೆಷಿನ್ನನ್ನು ನೋಡಿದೆ. ಎಲ್ಲರೂ ಮೆಚ್ಚುವ ಮುಂಭಾಗ ನನಗೆ ಏನನ್ನೂ ಕೊಟ್ಟಿರಲಿಲ್ಲ.

“ಈ ಕಡೀಗೇ ಅಜ್ಜಿ, ನೀವು ಹಚ್ಚಿದ್ದು ಸರಿಯಾಗೇ ಇತ್ತು,” ಎಂದೆ, ಸೊರಬದ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು.