ಹೊಳೆಗೆ ಬಾಗಿಲು ಹಾಕುವ ಎಸ್ಸೆಲಿನ್

ಬೆಳಕು ಹರಿಯುವಷ್ಟರಲ್ಲಿ ಎಸ್ಸೆಲಿನ್ ಅವರ ಬೈಗುಳ ಶುರುವಾಗಿರುತ್ತದೆ. ಮೊದಲು ಬೈಸಿಕೊಳ್ಳುವುದು ತುಕ್ಕು ಹಿಡಿದ ಸರಪಳಿ, ಆಮೇಲೆ ತೂಬಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಬಾಟಲಿಗಳು, ಕೊನೆಗೆ ಕೊಮ್ಮೆವೈನೆ ಹೊಳೆ. ಹೊಳೆ ಈಗ ಇಳಿದಿದೆ. ರಬ್ಬರ್ ಬೂಟು ಹಾಕಿಕೊಂಡ ಅರವತ್ತು ದಾಟಿದ ಈ ಹೆಂಗಸು ಹಿಡಿ ತಿರುಗಿಸುತ್ತಿದ್ದಂತೆ ಮರದ ಬಾಗಿಲು ನರಳುತ್ತ ಮೇಲೇಳುತ್ತದೆ. ಊರಿನ ಮಳೆನೀರೆಲ್ಲ ಕಾಲುವೆಯಿಂದ ಹೊಳೆಗೆ ಹರಿಯುತ್ತದೆ. ಕಡಲ ಉಬ್ಬರಕ್ಕೆ ಹೊಳೆ ಏರುವ ಮೊದಲು ಬಾಗಿಲು ಮುಚ್ಚಬೇಕು. ಇಲ್ಲಿನ ನೆಲ ಉಬ್ಬಿದ ಹೊಳೆಗಿಂತ ತಗ್ಗು.

ಊರಿನ ಹೆಸರು ಕ್ಲಾರಾಸ್‌ರುಸ್ಟ್, ಕ್ಲಾರಾಳ ವಿಶ್ರಾಂತಿ. ಕ್ಲಾರಾ ಎಂದರೆ ಹಿಂದೆ ಇಲ್ಲಿದ್ದ ಕಾಫಿ ತೋಟದ ಹಾಲೆಂಡಿನ ದೊರೆಸಾನಿ. ಆ ತೋಟಕ್ಕಾಗಿ ಕೆಸರಲ್ಲಿ ಎದೆಮಟ್ಟ ನಿಂತು ಕಾಲುವೆ ತೋಡಿದ ಗುಲಾಮರಿಗೆ ವಿಶ್ರಾಂತಿ ಸಿಕ್ಕಿದ್ದು ಕಾಲುವೆಯ ತುದಿಯ ಸ್ಮಶಾನದಲ್ಲಿ. ಎಸ್ಸೆಲಿನ್ ಅವರ ಹಿರಿಯರೂ ಅಲ್ಲೇ ಮಲಗಿದ್ದಾರೆ. ಗುಲಾಮಗಿರಿ ಹೋದ ಮೇಲೆ ಕಾಫಿ ಹೋಗಿ ಕಬ್ಬು ಬಂತು, ಜಾವಾದಿಂದ ಕರಾರಿನ ಕೂಲಿಗಳು ಬಂದರು. ಕೊನೆಗೆ ದೊರೆಗಳೇ ಹೋದರು. ಉಳಿದದ್ದು ಗುಲಾಮರ, ಕೂಲಿಗಳ ಮಕ್ಕಳು, ಕಾಲುವೆ, ತೂಬು.

ತೂಬು ಯಾರದ್ದು? ಕೇಳಿದರೆ ಎಸ್ಸೆಲಿನ್ ಮುಖ ಗಂಟಿಕ್ಕುತ್ತಾರೆ. ನೀರಾವರಿ ಇಲಾಖೆಯವರು ತೋಟದ್ದು ಎನ್ನುತ್ತಾರೆ, ತೋಟ ಕೊಂಡವರು ಊರಿನದ್ದು ಎನ್ನುತ್ತಾರೆ. "ಕೆಟ್ಟಾಗ ಮಾತ್ರ ಅದು ನಂದು," ಎನ್ನುತ್ತಾರೆ ಅವರು.

ತೋಟ ಕೊಂಡವರು ದೊರೆಯ ಬಂಗಲೆಗೆ ಸುಣ್ಣ ಬಳಿದು ಅತಿಥಿಗೃಹ ಮಾಡಿದ್ದಾರೆ. ಅಲ್ಲಿಗೆ ಬಂದವರು ತೂಬಿನ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಳೆದ ಮಳೆಗಾಲದ ಒಂದು ಭಾನುವಾರ ಅಲ್ಲೊಂದು ಮದುವೆ. ಮದುಮಗಳು ದೋಣಿಯಲ್ಲಿ ಬಂದು ಬಂಗಲೆಯ ಮೆಟ್ಟಿಲಿಗೇ ಇಳಿಯಬೇಕಂತೆ. ಕಾಲುವೆಯಲ್ಲಿ ನೋಡಿದರೆ ಬರೀ ಕೆಸರು. ಎಸ್ಸೆಲಿನ್ ಚರ್ಚಿಗೆ ಹೋದದ್ದು ನೋಡಿ ಮ್ಯಾನೇಜರ್ ಫರ್ಡಿನಂಡ್, ಉಬ್ಬರದ ಹೊತ್ತಿಗೆ ಸರಿಯಾಗಿ ತೂಬು ಎತ್ತಿಸಿದ.

ಚರ್ಚಿನಿಂದ ಮರಳಿದಾಗ ಎಸ್ಸೆಲಿನ್ ಅವರ ಅಲಸಂದೆಯ ಪಾತಿಗಳು ಮುಳುಗಿದ್ದವು, ನೀರು ಸ್ಮಶಾನಕ್ಕೆ ನುಗ್ಗಿತ್ತು. ನೀರಿನ ರಭಸಕ್ಕೆ ಬಾಗಿಲು ಅವರೊಬ್ಬರ ಕೈಗೆ ಬಗ್ಗಲಿಲ್ಲ. ಪಕ್ಕದ ಮನೆಯ ಜಾವಾ ಮುದುಕ ಸುಕಿಮನ್ ಓಡಿ ಬಂದರು. ಮದುವೆಯ ಬ್ಯಾಂಡಿನವರೂ ತುತ್ತೂರಿ ಕೆಳಗಿಟ್ಟು, ಬಿಳಿ ಪ್ಯಾಂಟಿನಲ್ಲೇ ಕೆಸರಿಗೆ ಇಳಿದರು. ಎಲ್ಲರೂ ಸೇರಿ ಬಾಗಿಲನ್ನು ಕೆಳಗೆ ಒತ್ತಿದರು.

"ಬರೀ ನೀರು ತಾನೇ, ಟಾಂಟೆ," ಎಂದನಂತೆ ಫರ್ಡಿನಂಡ್. ಊರಿಗೆಲ್ಲ ಆಕೆ ಟಾಂಟೆ, ಅತ್ತೆ.

"ಹೌದಪ್ಪ, ಬರೀ ನೀರು. ನಿನ್ನ ಊಟದ ಮೇಜಿನ ಮೇಲೂ ಸ್ವಲ್ಪ ಬಿಡ್ಲಾ?"

ಅಲಸಂದೆ ಕೊಳೆಯಿತು. ವಾಲಿದ ಶಿಲುಬೆಗಳನ್ನು ನೆಟ್ಟಗೆ ಮಾಡಲು ಎಸ್ಸೆಲಿನ್ ಮತ್ತು ಸುಕಿಮನ್ ಎರಡು ವಾರ ಹೆಣಗಿದರು. ಕೆಲವು ಯಾರವೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ನೆಟ್ಟರು. ಅದನ್ನು ಹೇಳುವಾಗ ಮಾತ್ರ ಎಸ್ಸೆಲಿನ್ ದನಿ ತಗ್ಗುತ್ತದೆ. ಫರ್ಡಿನಂಡ್ ಕ್ಷಮೆ ಕೇಳಲಿಲ್ಲ, ಮಿಕ್ಕ ಮದುವೆ ಕೇಕು ಕಳಿಸಿದ. ತಿಂದಿರಾ ಎಂದು ನಾನು ಕೇಳಿದೆ. ಕೇಕಿನ ಮೇಲೆ ಸಿಟ್ಟೇಕೆ ಎಂದರು.

ಬಂಗಲೆಯ ಮುಂದೆ ಈಗ ಹೊಸ ಫಲಕವಿದೆ. ದೊರೆಗಳ ಹೆಸರು, ದೀಪದ ಗೊಂಚಲು, ಹಾಲೆಂಡಿನಿಂದ ಬಂದ ಇಟ್ಟಿಗೆ, ಎಲ್ಲ ಅದರಲ್ಲಿದೆ. ಕಾಲುವೆಯ ಮಾತಿಲ್ಲ. ನಿಮ್ಮ ಹೆಸರು ಹಾಕಬೇಕಿತ್ತು ಎಂದೆ.

"ನನ್ನ ಹೆಸರು ಯಾಕೆ? 'ಈ ಕಾಲುವೆ ಕೈಯಲ್ಲಿ ತೋಡಿದ್ದು' ಅಂತ ಒಂದು ಸಾಲು ಹಾಕ್ಲಿ, ಸಾಕು." ಹಿಡಿಗೆ ಎಣ್ಣೆ ಸವರಿದರು. "ಅದೂ ಆಗಲ್ಲ ಅಂದ್ರೆ, ತೂಬಿನ ಮೇಲೆ ಹತ್ತಿ ಕೂತ್ಕೋಬೇಡಿ ಅಂತಾದ್ರೂ ಬರೀಲಿ."